ಇಂಪ್ಲಾಂಟ್ ಹಾಕಿಸಿ ಆರು ದಿನ, ನೋವಿಲ್ಲ. ಇನ್ನೂ ಮೂರು ತಿಂಗಳು ಯಾಕೆ ಕಾಯಬೇಕು?

ಪ್ರಶ್ನೆ: ನನಗೆ 68 ವರ್ಷ. ಕೆಳದವಡೆಯಲ್ಲಿ ಒಂದೂ ಹಲ್ಲಿಲ್ಲ. ಹನ್ನೊಂದು ವರ್ಷದಿಂದ ಸೆಟ್ ಹಾಕುತ್ತಿದ್ದೆ. ಮಾತಾಡುವಾಗ, ಊಟ ಮಾಡುವಾಗ ಅದು ಎದ್ದೆದ್ದು ಬರುತ್ತಿತ್ತು. ಆರು ದಿನದ ಹಿಂದೆ ಮುಂಭಾಗದ ಮೂಳೆಯಲ್ಲಿ ಎರಡು ಇಂಪ್ಲಾಂಟ್, ಅಂದರೆ ಲೋಹದ ಸ್ಕ್ರೂ, ಹಾಕಿದರು. ಅದರ ಮೇಲೆ ಡೆಂಚರ್ ಕೂರಿಸಲು ಮೂರು ತಿಂಗಳು ಬಿಟ್ಟು ಬನ್ನಿ ಅಂದಿದ್ದಾರೆ. ಈಗ ನೋವು ಹೆಚ್ಚುಕಡಿಮೆ ಹೋಗಿದೆ, ಬಾವೂ ಇಳಿದಿದೆ. ಆದರೆ ಗದ್ದದಿಂದ ಕುತ್ತಿಗೆಯವರೆಗೆ ಹಳದಿ-ನೀಲಿ ಕಲೆ ಬಂದಿದೆ. ಒಸಡಿನಿಂದ ಎರಡು ಲೋಹದ ಗುಂಡಿ ಹೊರಗೆ ಕಾಣುತ್ತವೆ. 'ಸ್ಕ್ರೂ ಗಟ್ಟಿಯಾಗಿ ಕೂತಿದೆ, ನೋವೂ ಇಲ್ಲ, ಇನ್ನೇನು ಕಾಯೋದು' ಅಂತ ಮಗ ಕೇಳುತ್ತಾನೆ. ಹಳೇ ಸೆಟ್ ಯಾವಾಗ ಹಾಕಬಹುದು? ಗಟ್ಟಿ ಪದಾರ್ಥ ಯಾವಾಗ ತಿನ್ನಬಹುದು? ನನಗೆ ಶುಗರ್ ಇದೆ, ಮಾತ್ರೆ ತಗೊಳ್ಳುತ್ತೇನೆ. ದಿನಕ್ಕೆ ನಾಲ್ಕು ಸಿಗರೇಟಿನ ಅಭ್ಯಾಸವಿತ್ತು, ಆಪರೇಷನ್ ದಿನದಿಂದ ಮುಟ್ಟಿಲ್ಲ. ಮತ್ತೆ ಶುರು ಮಾಡಿದರೆ ತೊಂದರೆಯಾ?

ಉತ್ತರ: ಮೊದಲು ಆ ಕಲೆಯ ವಿಷಯ ಮುಗಿಸಿಬಿಡೋಣ, ಯಾಕೆಂದರೆ ಕನ್ನಡಿ ನೋಡಿದಾಗಲೆಲ್ಲ ಹೆದರಿಸುವುದು ಅದೇ. ಮೂಳೆ ಕೊರೆಯುವಾಗ ಸ್ವಲ್ಪ ರಕ್ತ ಒಳಗೇ ಹರಡಿಕೊಳ್ಳುತ್ತದೆ. ನೀವು ಎದ್ದು ಓಡಾಡುವಾಗ ಅದು ಚರ್ಮದಡಿಯಲ್ಲೇ ಕೆಳಗಿಳಿಯುತ್ತದೆ. ಹಾಗಾಗಿ ಕೊರೆದದ್ದು ದವಡೆಯಲ್ಲಿ, ಕಲೆ ಕುತ್ತಿಗೆಯಲ್ಲಿ. ಕೆಲವರಿಗೆ ಎದೆಯ ಮೇಲ್ಭಾಗದವರೆಗೂ ಇಳಿಯುತ್ತದೆ. ವಯಸ್ಸಾದವರಲ್ಲಿ, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರಲ್ಲಿ ಇದು ಇನ್ನೂ ಜಾಸ್ತಿ. ನೀಲಿ ಹೋಗಿ ಹಸಿರು, ಹಸಿರು ಹೋಗಿ ಹಳದಿ. ನಿಮ್ಮದು ಆಗಲೇ ಹಳದಿಗೆ ತಿರುಗಿದೆ ಅಂದರೆ ಕರಗುತ್ತಿದೆ ಅಂತ ಅರ್ಥ. ಎರಡನೇ ವಾರ ಮುಗಿಯುವಷ್ಟರಲ್ಲಿ ಹೋಗುತ್ತದೆ. ಅದಕ್ಕೆ ಏನೂ ಹಚ್ಚಬೇಡಿ, ತಿಕ್ಕಬೇಡಿ.

ಇನ್ನು ಆ ಎರಡು ಗುಂಡಿಗಳು. ಅವು ಇಂಪ್ಲಾಂಟ್ ಅಲ್ಲ, ಅದರ ಮುಚ್ಚಳ. ನಾವು ಹೀಲಿಂಗ್ ಕ್ಯಾಪ್ ಅನ್ನುತ್ತೇವೆ. ಇಂಪ್ಲಾಂಟ್ ಮೂಳೆಯೊಳಗೆ ಹೂತಿದೆ. ಒಸಡು ಅದರ ಮೇಲೆ ಮುಚ್ಚಿಕೊಳ್ಳದೆ ದುಂಡಗೆ ದಾರಿ ಬಿಟ್ಟುಕೊಂಡು ಮಾಯಲಿ ಅಂತ ಈ ಕ್ಯಾಪ್ ಇಟ್ಟಿರುತ್ತಾರೆ. ಕೆಲವರಿಗೆ ಒಸಡನ್ನು ಪೂರ್ತಿ ಹೊಲಿದು ಮುಚ್ಚಿ, ಕೆಲವು ತಿಂಗಳ ನಂತರ ಮತ್ತೆ ಸ್ವಲ್ಪ ತೆರೆದು ಕ್ಯಾಪ್ ಹಾಕುವುದೂ ಉಂಟು. ನಿಮಗೆ ಆ ಎರಡನೇ ಕೊಯ್ತ ತಪ್ಪಿದೆ. ಆದರೆ ಗುಂಡಿ ಹೊರಗಿದೆ ಅಂದಮೇಲೆ ನಾಲಿಗೆ ಸುಮ್ಮನಿರುವುದಿಲ್ಲ. ದಿನವಿಡೀ ಅಲ್ಲೇ ಹೋಗಿ ತಡವುತ್ತದೆ, ಅಲ್ವಾ? ಆ ಅಭ್ಯಾಸ ಬಿಡಿಸಿಕೊಳ್ಳಿ. ಬೆರಳನ್ನಂತೂ ಹತ್ತಿರ ಒಯ್ಯಲೇಬೇಡಿ.

ಈಗ ನಿಮ್ಮ ಮಗನ ಪ್ರಶ್ನೆಗೆ ಬರುತ್ತೇನೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ನಾನು ಹೇಳುವುದಿಲ್ಲ. ಅವರು ಕೇಳಿರುವುದು ನ್ಯಾಯವಾಗಿಯೇ ಇದೆ. ಸ್ಕ್ರೂ ಇವತ್ತು ಗಟ್ಟಿಯಾಗಿ ಕೂತಿದೆ ಅನ್ನುವುದು ನಿಜ. ಆದರೆ ಅದು ಮರದ ಹಲಗೆಯಲ್ಲಿ ಮೊಳೆ ಕೂತ ಹಾಗೆ, ಬರೀ ಬಿಗಿತದ ಮೇಲೆ ನಿಂತಿದೆ. ನಮಗೆ ಬೇಕಿರುವುದು ಬೇರೆ: ಮೂಳೆ ಬೆಳೆದು ಆ ಟೈಟಾನಿಯಂ ಮೈಗೆ ತಾನಾಗಿ ಅಂಟಿಕೊಳ್ಳಬೇಕು.

ಇದು ಗೊತ್ತಾದದ್ದೂ ಒಂದು ಆಕಸ್ಮಿಕದಿಂದ. 1950ರ ದಶಕದಲ್ಲಿ ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೊನೆಮಾರ್ಕ್ ಮೊಲದ ಕಾಲಿನ ಮೂಳೆಯಲ್ಲಿ ರಕ್ತ ಹೇಗೆ ಹರಿಯುತ್ತದೆ ಅಂತ ನೋಡುತ್ತಿದ್ದರು. ಅದಕ್ಕಾಗಿ ಟೈಟಾನಿಯಂನ ಪುಟ್ಟ ಕೊಳವೆಯೊಂದನ್ನು ಮೂಳೆಗೆ ಸೇರಿಸಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಬರಲೇ ಇಲ್ಲ. ಮೂಳೆ ಅದನ್ನು ತನ್ನದೇ ಭಾಗ ಅನ್ನುವ ಹಾಗೆ ಹಿಡಿದುಕೊಂಡಿತ್ತು. 1965ರಲ್ಲಿ ಅವರು ಮೊದಲ ಬಾರಿಗೆ ಒಬ್ಬ ಮನುಷ್ಯನ ಕೆಳದವಡೆಗೆ ಟೈಟಾನಿಯಂ ಇಂಪ್ಲಾಂಟ್ ಹಾಕಿದರು. ಆ ವ್ಯಕ್ತಿ 2006ರಲ್ಲಿ ತೀರಿಕೊಳ್ಳುವವರೆಗೂ ಅವು ಕೆಲಸ ಮಾಡಿದವು, ಅಂದರೆ ನಲವತ್ತು ವರ್ಷ. ಕೆಳದವಡೆಗೆ ಮೂರು ತಿಂಗಳು, ಮೇಲ್ದವಡೆಗೆ ಆರು ತಿಂಗಳು ಕಾಯಬೇಕು ಅನ್ನುವ ಲೆಕ್ಕವೂ ಅವರ ಕಾಲದಿಂದಲೇ ಬಂದದ್ದು. ಈಗಿನ ಇಂಪ್ಲಾಂಟ್‌ಗಳ ಮೈ ಸ್ವಲ್ಪ ತರಿತರಿಯಾಗಿರುತ್ತದೆ, ಮೂಳೆ ಬೇಗ ಹಿಡಿಯುತ್ತದೆ, ಹಾಗಾಗಿ ಕೆಲವರಿಗೆ ಈ ಅವಧಿ ಕಡಿಮೆಯಾಗಿದೆ. ಆದರೂ 68 ವರ್ಷ, ಜೊತೆಗೆ ಶುಗರ್, ಸಿಗರೇಟು ಅಂದಾಗ ನಿಮ್ಮ ಡಾಕ್ಟರು ಮೂರು ತಿಂಗಳು ಅಂದದ್ದು ಸರಿಯಾಗಿಯೇ ಇದೆ.

ಎಲ್ಲರೂ ಎಡವುವ ಜಾಗ ಇದು. ಇಂಪ್ಲಾಂಟ್ ಹಾಕಿದ ದಿನ ಅದು ಗಟ್ಟಿ. ಆಮೇಲೆ ದಿನದಿನಕ್ಕೆ ಇನ್ನೂ ಗಟ್ಟಿಯಾಗುತ್ತಾ ಹೋಗುತ್ತದೆ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಹಾಗಾಗುವುದಿಲ್ಲ. ಕೊರೆದಾಗ, ಒತ್ತಿದಾಗ ಘಾಸಿಯಾದ ಹಳೇ ಮೂಳೆಯನ್ನು ದೇಹ ಮೊದಲು ತಿಂದು ಹಾಕುತ್ತದೆ. ಹೊಸ ಮೂಳೆ ಅದರ ಹಿಂದೆ ನಿಧಾನಕ್ಕೆ ಬರುತ್ತದೆ. ಹಳೆಯದು ಹೋಗಿ ಹೊಸದು ಪೂರ್ತಿ ಬಾರದ ನಡುವಿನ ಹೊತ್ತಿನಲ್ಲಿ ಹಿಡಿತ ಸಡಿಲವಾಗುತ್ತದೆ. ಸುಮಾರು ಮೂರನೇ, ನಾಲ್ಕನೇ ವಾರ ಅದು. ಅಷ್ಟು ಹೊತ್ತಿಗೆ ಒಸಡು ಮಾಯ್ದಿರುತ್ತದೆ, ಹೊಲಿಗೆ ಹೋಗಿರುತ್ತದೆ, ನೋವಿನ ನೆನಪೂ ಇರುವುದಿಲ್ಲ. ಮೆತ್ತಗಿನ ಊಟ ತಿಂದು ಬಾಯಿ ಕೆಟ್ಟಿರುತ್ತದೆ. ನಿಮಗೆ ಧೈರ್ಯ ಜಾಸ್ತಿಯಾಗುವ ವಾರ, ಇಂಪ್ಲಾಂಟ್ ಹಿಡಿತ ಕಡಿಮೆಯಾಗುವ ವಾರ, ಎರಡೂ ಒಂದೇ.

ಈ ಏರಿಳಿತವನ್ನು ಅಳೆಯಲು ನಮ್ಮ ಬಳಿ ಒಂದು ಪುಟ್ಟ ಯಂತ್ರ ಇದೆ. ಇಂಪ್ಲಾಂಟ್ ಮೇಲೆ ಚಿಕ್ಕ ಕಡ್ಡಿಯೊಂದನ್ನು ತಿರುಗಿಸಿ ಕೂರಿಸುತ್ತೇವೆ. ಯಂತ್ರದ ತುದಿಯನ್ನು ಮುಟ್ಟಿಸದೆ ಹತ್ತಿರ ಹಿಡಿದರೆ, ಕಡ್ಡಿ ಎಷ್ಟು ಕಂಪಿಸುತ್ತದೆ ಅನ್ನುವುದರ ಮೇಲೆ 1ರಿಂದ 100ರೊಳಗೆ ಒಂದು ಸಂಖ್ಯೆ ಬರುತ್ತದೆ. ಜಾಸ್ತಿ ಬಂದಷ್ಟೂ ಗಟ್ಟಿ. ಹಾಕಿದ ದಿನ 72 ಇದ್ದದ್ದು ನಾಲ್ಕನೇ ವಾರ 64ಕ್ಕೆ ಇಳಿದು, ಮೂರನೇ ತಿಂಗಳು 75 ಆದದ್ದನ್ನು ನಾನೇ ನೋಡಿದ್ದೇನೆ. ಆ ರೋಗಿಗೆ ಈ ಮೂರೂ ದಿನ ನೋವು ಒಂದೇ ಥರ ಇತ್ತು. ಅಂದರೆ, ಇರಲೇ ಇಲ್ಲ.

ಸ್ವಂತ ಹಲ್ಲಾದರೆ ಬೇರಿನ ಸುತ್ತ ತೆಳ್ಳನೆಯ ನಾರಿನ ಪದರ ಇರುತ್ತದೆ. ಒಂದು ಚಿಕ್ಕ ಕಲ್ಲು ಸಿಕ್ಕರೂ ತಕ್ಷಣ ಎಚ್ಚರಿಸುವುದು ಅದೇ. ಇಂಪ್ಲಾಂಟಿಗೆ ಆ ಪದರ ಇಲ್ಲ. ಅದು ಅಲುಗಾಡಿದರೂ, ಸುತ್ತ ಮೂಳೆ ಕರಗಿದರೂ ಬಹಳ ಸಲ ಬಾಯಿ ಬಿಟ್ಟು ಹೇಳುವುದಿಲ್ಲ. ಹಾಗಾಗಿ 'ನೋವಿಲ್ಲ' ಅನ್ನುವುದನ್ನು ಅಳತೆಗೋಲು ಮಾಡಿಕೊಳ್ಳಬೇಡಿ.

ಒಬ್ಬ ಹೆಂಗಸಿನ ಕಥೆ ಹೇಳುತ್ತೇನೆ. ನಿಮ್ಮ ಹಾಗೆಯೇ ಎರಡು ಇಂಪ್ಲಾಂಟ್. ಐದನೇ ವಾರ ಬಂದು 'ಬಲಗಡೆದು ಸ್ವಲ್ಪ ಆಡಿದ ಹಾಗನ್ನಿಸುತ್ತೆ' ಅಂದರು. ಚಿಮಟದಲ್ಲಿ ಕ್ಯಾಪ್ ಹಿಡಿದು ಸಣ್ಣಗೆ ಸರಿಸಿದೆ. ಕ್ಯಾಪ್ ಮಾತ್ರ ಸಡಿಲವಾಗಿದ್ದರೆ ಚಿಂತೆಯಿಲ್ಲ, ಬಿಗಿ ಮಾಡಿದರೆ ಮುಗಿಯಿತು. ಇಲ್ಲಿ ಇಡೀ ಇಂಪ್ಲಾಂಟೇ ತಿರುಗಿತು. ಎರಡು ಬೆರಳಲ್ಲಿ ತಿರುಗಿಸಿದ್ದಕ್ಕೆ ಕೈಗೆ ಬಂತು. ಸ್ಕ್ರೂವಿನ ಸುತ್ತುಗಳ ಮೇಲೆ ಮೂಳೆಯ ಚೂರೂ ಇರಲಿಲ್ಲ, ಒದ್ದೆಯಾದ ತೆಳು ಪೊರೆ ಸುತ್ತಿಕೊಂಡಿತ್ತು. ವಿಚಾರಿಸಿದರೆ ಮೂರನೇ ವಾರದಿಂದಲೇ ಹಳೇ ಸೆಟ್ ಹಾಕಿಕೊಂಡು, ಕಾಳುಕಡ್ಡಿ ಎಲ್ಲ ಅಗಿಯುತ್ತಿದ್ದರಂತೆ. ಹೊಸ ಮೂಳೆ ಬರುವ ಹೊತ್ತಿನಲ್ಲಿ ಇಂಪ್ಲಾಂಟ್ ಸುಮಾರು 0.15 ಮಿಲಿಮೀಟರಿಗಿಂತ ಜಾಸ್ತಿ ಅಲುಗಾಡಿದರೆ ಅಲ್ಲಿ ಮೂಳೆಯ ಬದಲು ನಾರು ಬೆಳೆಯುತ್ತದೆ. ಎರಡು ತಲೆಗೂದಲಿನಷ್ಟು ದಪ್ಪ, ಅಷ್ಟೇ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮೂಳೆ ತುಂಬಿಕೊಳ್ಳಲು ಕೆಲವು ತಿಂಗಳು ಬಿಟ್ಟು ಮತ್ತೆ ಹಾಕಬೇಕಾಯಿತು. ತಪ್ಪು ಪೂರ್ತಿ ಅವರದ್ದಲ್ಲ. 'ಮೆತ್ತಗಿನ ಊಟ ಮಾಡಿ' ಅಂದಿದ್ದೆನೇ ಹೊರತು ಯಾಕೆ, ಎಲ್ಲಿಯವರೆಗೆ ಅಂತ ನಾನು ಬಿಡಿಸಿ ಹೇಳಿರಲಿಲ್ಲ. ಈಗ ಪ್ರತಿಯೊಬ್ಬರ ಚೀಟಿಯ ಮೇಲೆ ತಾರೀಖು ಹಾಕಿ ಬರೆದುಕೊಡುತ್ತೇನೆ.

ಹಳೇ ಸೆಟ್ಟಿನ ವಿಷಯಕ್ಕೆ ಇದೇ ಉತ್ತರ. ಅದನ್ನು ಇರುವ ಹಾಗೇ ಹಾಕಿಕೊಂಡರೆ ನೇರವಾಗಿ ಆ ಎರಡು ಕ್ಯಾಪ್ ಮೇಲೆ ಕೂರುತ್ತದೆ. ನೀವು ಕಚ್ಚಿದಾಗಲೆಲ್ಲ ಇಡೀ ಭಾರ ಅಲ್ಲಿಗೇ. ಹಾಗಾಗಿ ನೀವಾಗಿಯೇ ಹಾಕಬೇಡಿ. ಸಾಮಾನ್ಯವಾಗಿ ಎರಡು ವಾರ ಒಸಡು ಮಾಯಲು ಬಿಡುತ್ತೇವೆ. ಆಮೇಲೆ ಸೆಟ್ಟಿನ ಒಳಮೈಯನ್ನು ಕ್ಯಾಪ್ ಇರುವ ಜಾಗದಲ್ಲಿ ಕೊರೆದು ಕುಳಿ ಮಾಡಿ, ಒಳಗೆ ರಬ್ಬರಿನಂಥ ಮೆತ್ತನೆ ಪದರ ಹಾಕುತ್ತೇವೆ. ಈ ಪದರ ದಿನ ಕಳೆದಂತೆ ಗಟ್ಟಿಯಾಗುತ್ತದೆ, ಮಧ್ಯೆ ಒಂದೆರಡು ಸಲ ಬದಲಿಸಬೇಕಾಗಬಹುದು. ಮನೆಯಲ್ಲಿ ಉಜ್ಜುಕಾಗದ ಹಿಡಿದು ಒಳಗೆ ತಿಕ್ಕಿ ತೆಳು ಮಾಡಿಕೊಂಡು ಬಂದವರನ್ನೂ ನೋಡಿದ್ದೇನೆ. ದಯವಿಟ್ಟು ಬೇಡ. ಎಲ್ಲಿ ತಾಗುತ್ತಿದೆ ಅಂತ ಬಣ್ಣದ ಪೇಸ್ಟ್ ಹಚ್ಚಿ ನೋಡಿದರೆ ಮಾತ್ರ ಗೊತ್ತಾಗುವುದು.

ಹೀಗೆ ಸರಿಪಡಿಸಿದ ಸೆಟ್ಟನ್ನೂ ನಾಲ್ಕು ಜನರೆದುರು ಹೋಗುವಾಗ, ಮಾತಿಗೆ, ಮೆತ್ತಗಿನ ಊಟಕ್ಕೆ ಅಂತ ಇಟ್ಟುಕೊಳ್ಳಿ. ರಾತ್ರಿ ತೆಗೆದಿಡಿ. ಹಲ್ಲಿಲ್ಲದ ಬಾಯಲ್ಲಿ ಹೊರಗೆ ಹೋಗುವುದು ಮುಜುಗರ, ನನಗೆ ಅರ್ಥವಾಗುತ್ತದೆ. ಎರಡು ವಾರ ಮನೆಯಲ್ಲಿ ಮಾಸ್ಕ್ ಹಾಕಿಕೊಂಡೇ ಮಾತಾಡಿಸಿದವರಿದ್ದಾರೆ. ಅದೂ ಒಂದು ಉಪಾಯವೇ.

ಒಂದು ಮಾತು ಬೇರೆಯವರಿಗಾಗಿ. ಹಲ್ಲು ಕಿತ್ತ ದಿನವೇ ಡೆಂಚರ್ ಹಾಕಿ ಕಳಿಸಿದ್ದರೆ ಆ ಲೆಕ್ಕ ಉಲ್ಟಾ. ಅವರು ಮೊದಲ 24 ಗಂಟೆ ಅದನ್ನು ತೆಗೆಯಬಾರದು. ಅದೇ ಬ್ಯಾಂಡೇಜಿನ ಹಾಗೆ ಒತ್ತಿ ಹಿಡಿದಿರುತ್ತದೆ. ತೆಗೆದರೆ ಬಾವು ಬಂದು ಮತ್ತೆ ಒಳಗೆ ಹೋಗುವುದೇ ಇಲ್ಲ. ಹಾಗಾಗಿ ಯಾರೋ ಹೇಳಿದ್ದು ಕೇಳಿ ಮಾಡಬೇಡಿ, ನಿಮ್ಮ ಬಾಯಿಗೆ ಏನು ಮಾಡಿದ್ದಾರೋ ಅದರ ಪ್ರಕಾರ ನಡೆಯಿರಿ. 'ನಮಗೆ ಪರಿಚಯದವರಿಗೆ ಅದೇ ದಿನ ಗಟ್ಟಿ ಹಲ್ಲು ಕೂರಿಸಿದರಲ್ಲ' ಅಂತ ಕೇಳುವವರೂ ಇದ್ದಾರೆ. ಅವರಿಗೆ ನಾಲ್ಕು ಅಥವಾ ಹೆಚ್ಚು ಇಂಪ್ಲಾಂಟ್ ಹಾಕಿ, ಎಲ್ಲವನ್ನೂ ಒಂದೇ ಗಟ್ಟಿ ಸೇತುವೆಯಿಂದ ಕಟ್ಟಿರುತ್ತಾರೆ. ಒಂದನ್ನೊಂದು ಹಿಡಿದುಕೊಂಡಿರುವುದರಿಂದ ಅವು ಬಿಡಿಬಿಡಿಯಾಗಿ ಅಲುಗಾಡುವುದಿಲ್ಲ. ಅವರೂ ಎರಡು-ಮೂರು ತಿಂಗಳು ಮೆತ್ತಗಿನದೇ ತಿನ್ನಬೇಕು. ಅದನ್ನು ಮಾತ್ರ ಅವರು ನಿಮಗೆ ಹೇಳಿರುವುದಿಲ್ಲ!

ಊಟಕ್ಕೆ ನನ್ನ ಅಳತೆ ಸರಳ. ನಾಲಿಗೆಯನ್ನು ಅಂಗುಳಕ್ಕೆ ಒತ್ತಿದರೆ ಪುಡಿಯಾಗುವಂಥದ್ದು ತಿನ್ನಬಹುದು. ಹಲ್ಲೇ ಬೇಕು ಅನ್ನುವಂಥದ್ದು ಬೇಡ. ಮೆತ್ತಗೆ ಬೇಯಿಸಿದ ಅನ್ನ, ಬೇಳೆ, ಕಿವುಚಿದ ತರಕಾರಿ, ಮೊಟ್ಟೆ, ಮೊಸರು, ಮುಳ್ಳಿಲ್ಲದ ಮೀನು ಇವೆಲ್ಲ ಆಗುತ್ತವೆ. ಮೊದಲ ದಿನ ತಣ್ಣಗಿನದು, ಈಗ ಉಗುರುಬೆಚ್ಚಗಿನದು ಸರಿ. ಸಣ್ಣ ಬೀಜ ಇರುವ ಹಣ್ಣು, ಗರಿಗರಿ ಪುಡಿಯಾಗುವ ತಿಂಡಿ, ಅಂಟು ಮಿಠಾಯಿ ಇವನ್ನು ದೂರ ಇಡಿ. ಬೀಜ ಹೋಗಿ ಕ್ಯಾಪಿನ ಸಂದಿಯಲ್ಲಿ ಕೂತರೆ ನಾಲ್ಕು ದಿನದಲ್ಲಿ ಒಸಡು ಕೆಂಪಾಗಿ ಊದುತ್ತದೆ. ಪ್ರೋಟೀನ್ ಬೇಕೇ ಬೇಕು, ಗಾಯ ಮಾಯುವುದು ಅದರಿಂದ. ಬರೀ ಗಂಜಿ ಕುಡಿದು ಎರಡು ವಾರ ತಳ್ಳಿದರೆ ಸುಸ್ತು ಮಾತ್ರ ಉಳಿಯುತ್ತದೆ.

ನಿಮಗೆ ಶುಗರ್ ಇರುವುದರಿಂದ ಇಲ್ಲಿ ಎರಡು ಕಡೆ ಗಮನ ಬೇಕು. ಮೆತ್ತಗಿನ ಊಟ ಅಂದಕೂಡಲೇ ಮನೆಯವರು ಪ್ರೀತಿಯಿಂದ ಕೊಡುವುದೆಲ್ಲ ಸಿಹಿ: ಜ್ಯೂಸು, ಐಸ್‌ಕ್ರೀಮು, ಪಾಯಸ. ಶುಗರ್ ಏರಿದರೆ ಗಾಯ ಮಾಯುವುದು ನಿಧಾನ, ಸೋಂಕು ಬೇಗ. ಇನ್ನೊಂದು ಕಡೆ, ಊಟ ಅರ್ಧವಾಗಿ ಮಾತ್ರೆ ಅಥವಾ ಇನ್ಸುಲಿನ್ ಮೊದಲಿನಷ್ಟೇ ಇದ್ದರೆ ಶುಗರ್ ಒಮ್ಮೆಲೇ ಕುಸಿಯಬಹುದು. ಬೆವರು, ನಡುಕ, ತಲೆಸುತ್ತು ಬಂದರೆ ಅದು ಆಪರೇಷನ್ನಿನ ಸುಸ್ತು ಅಂತ ಮಲಗಿಬಿಡಬೇಡಿ, ತಕ್ಷಣ ಶುಗರ್ ನೋಡಿಕೊಳ್ಳಿ. ಕಡಿಮೆಯಿದ್ದರೆ ಆಗ ಮಾತ್ರ ಸಿಹಿ ಔಷಧಿಯೇ. ನಿಮ್ಮ ಶುಗರ್ ಡಾಕ್ಟರಿಗೂ ಈ ಆಪರೇಷನ್ ಆಗಿರುವುದು ತಿಳಿದಿರಲಿ. ಹತೋಟಿಯಲ್ಲಿರುವ ಶುಗರ್ ಇಂಪ್ಲಾಂಟಿಗೆ ಅಡ್ಡಿಯಲ್ಲ, ಹತೋಟಿ ತಪ್ಪಿದ್ದು ಅಡ್ಡಿ.

ಸಿಗರೇಟು. ಬೇಡ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಮೂಳೆ ಬೆಳೆಯಬೇಕಾದ ಜಾಗಕ್ಕೆ ರಕ್ತ ಹೋಗುವುದಿಲ್ಲ. ಸೇದುವವರಲ್ಲಿ ಇಂಪ್ಲಾಂಟ್ ಕೈಕೊಡುವುದು ಸೇದದವರಿಗಿಂತ ಸುಮಾರು ಎರಡರಷ್ಟು. 'ನಾಲ್ಕೇ ತಾನೇ' ಅನ್ನುವ ವಾದ ನನ್ನ ಮುಂದೆ ನಡೆಯುವುದಿಲ್ಲ. ಅಗಿಯುವ ತಂಬಾಕು ಕೂಡ ಇದೇ ಸಾಲಿಗೆ. ಆರು ದಿನ ಬಿಟ್ಟಿದ್ದೀರಿ ಅಂದರೆ ಕಷ್ಟದ ದಿನಗಳು ಆಗಲೇ ಕಳೆದಿವೆ. ಕನಿಷ್ಠ ಡೆಂಚರ್ ಕೂರಿಸುವವರೆಗೆ ಹೀಗೇ ಇರಿ. ಆಮೇಲೂ ಶುರು ಮಾಡದಿದ್ದರೆ ಇಂಪ್ಲಾಂಟಿಗಷ್ಟೇ ಅಲ್ಲ ಲಾಭ ಅಂತ ಬೇರೆ ಹೇಳಬೇಕಿಲ್ಲ.

ಬಾಯಿ ಶುಚಿ ಮಾಡಲು ಹೆದರುವವರೇ ಜಾಸ್ತಿ. ಹೊಲಿಗೆ ಬಿಚ್ಚಿಹೋದೀತು ಅಂತ ಆ ಕಡೆ ಬ್ರಶ್ಶನ್ನೇ ಒಯ್ಯುವುದಿಲ್ಲ. ಮೊದಲ ದಿನ ಮುಕ್ಕಳಿಸಬಾರದು, ಉಗುಳಬಾರದು, ಸ್ಟ್ರಾ ಹಾಕಿ ಹೀರಬಾರದು, ಹೆಪ್ಪುಗಟ್ಟಿದ ರಕ್ತ ಕಿತ್ತುಬರುತ್ತದೆ. ನಿಮಗೆ ಆ ಹಂತ ಕಳೆದಿದೆ. ಈಗ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಊಟವಾದಾಗಲೆಲ್ಲ ಬಾಯಿಗೆ ತುಂಬಿಕೊಂಡು ತಲೆಯನ್ನು ಆಚೀಚೆ ವಾಲಿಸಿ ಬಿಡಿ. ಗುಳುಗುಳು ಅಂತ ಜೋರು ಬೇಡ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಕೊಟ್ಟಿದ್ದರೆ ಹೇಳಿದಷ್ಟು ದಿನ ಮಾತ್ರ. ಅದು ಬಾಯಿರುಚಿ ಕೆಡಿಸುತ್ತದೆ, ನಾಲಿಗೆಗೆ ಕಂದು ಬಣ್ಣ ಹತ್ತಿಸುತ್ತದೆ. ಎರಡೂ ಆಮೇಲೆ ಹೋಗುತ್ತವೆ. ಟೂತ್‌ಪೇಸ್ಟ್ ಹಾಕಿದ ಕೂಡಲೇ ಅದನ್ನು ಬಳಸಬೇಡಿ, ಅರ್ಧ ಗಂಟೆ ಬಿಡಿ, ಇಲ್ಲದಿದ್ದರೆ ಕೆಲಸ ಮಾಡುವುದಿಲ್ಲ.

ಕ್ಯಾಪುಗಳನ್ನು ಹೀಗೆ ಒರೆಸಿ: ತೀರಾ ಮೆತ್ತನೆಯ ಬ್ರಶ್ಶನ್ನು ಬೆಚ್ಚನೆ ನೀರಲ್ಲಿ ಅದ್ದಿ, ಕನ್ನಡಿ ಮುಂದೆ ನಿಂತು ಕೆಳತುಟಿ ಎಳೆದು ಹಿಡಿಯಿರಿ. ಮೊದಲು ಕ್ಯಾಪಿನ ತಲೆ, ಆಮೇಲೆ ಸುತ್ತ. ಒಸಡಿನ ಕಡೆಯಿಂದ ಲೋಹದ ಕಡೆಗೆ ಎಳೆಯಬೇಕು. ನಾಲಿಗೆ ಬದಿಯನ್ನು ಎಲ್ಲರೂ ಮರೆಯುತ್ತಾರೆ, ಬಿಳಿ ಪದರ ಕಟ್ಟುವುದು ಅಲ್ಲೇ. ಸ್ವಲ್ಪ ರಕ್ತ ಕಂಡರೆ ನಿಲ್ಲಿಸಬೇಡಿ, ಕೈ ಹಗುರ ಮಾಡಿ. ಕರಗುವ ಹೊಲಿಗೆಯಾದರೆ ಒಂದರಿಂದ ಮೂರು ವಾರದೊಳಗೆ ತಾನಾಗಿ ಬೀಳುತ್ತದೆ. ಉಗುಳಿದಾಗ ದಾರದ ತುಂಡು ಕಂಡರೆ ಗಾಬರಿ ಬೇಡ. ನೇತಾಡುವ ತುಂಡನ್ನು ಮನೆಯಲ್ಲಿ ಕತ್ತರಿಸಲು ಮಾತ್ರ ಹೋಗಬೇಡಿ.

ಮಾತ್ರೆಗಳ ವಿಷಯ ಚಿಕ್ಕದಾಗಿ. ಆ್ಯಂಟಿಬಯೋಟಿಕ್ ಕೊಟ್ಟಿದ್ದರೆ ಹೇಳಿದಷ್ಟು ದಿನ ಪೂರ್ತಿ ಮಾಡಿ. ನೋವಿಲ್ಲದಿದ್ದರೆ ನೋವಿನ ಮಾತ್ರೆ ನಿಲ್ಲಿಸಬಹುದು. ಬೇಕಾದರೆ ಪ್ಯಾರಾಸಿಟಮಾಲ್ ಸಾಕು, ದಿನಕ್ಕೆ ಒಟ್ಟು 4 ಗ್ರಾಂ ಮೀರಬಾರದು. ನೆಗಡಿ ಮಾತ್ರೆಗಳಲ್ಲೂ ಅದೇ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಕಿಡ್ನಿ ತೊಂದರೆ, ಹೊಟ್ಟೆಹುಣ್ಣು, ರಕ್ತ ತೆಳುವಾಗುವ ಮಾತ್ರೆ ಇರುವವರು ಡಾಕ್ಟರನ್ನು ಕೇಳದೆ ಐಬುಪ್ರೊಫೆನ್ ಮುಟ್ಟಬಾರದು. ಹೃದಯಕ್ಕೆ ಕೊಟ್ಟ ಆಸ್ಪಿರಿನ್ನನ್ನು ಒಸಡಲ್ಲಿ ರಕ್ತ ಬಂತು ಅಂತ ನೀವಾಗಿಯೇ ನಿಲ್ಲಿಸುವುದೂ ತಪ್ಪು. ಮೂಳೆ ಸವೆತಕ್ಕೆ ಅಂತ ಅಲೆಂಡ್ರೊನೇಟ್ ಮಾತ್ರೆ ಅಥವಾ ಡೆನೊಸುಮಾಬ್ ಇಂಜೆಕ್ಷನ್ ತಗೊಳ್ಳುತ್ತಿದ್ದು ಇನ್ನೂ ಹೇಳಿರದಿದ್ದರೆ ಇವತ್ತೇ ನಿಮ್ಮ ದಂತವೈದ್ಯರಿಗೆ ಫೋನ್ ಮಾಡಿ ಹೇಳಿ. ಆ ಔಷಧಿಗಳಲ್ಲಿ ದವಡೆಯ ಮೂಳೆ ಮಾಯುವ ರೀತಿಯೇ ಬೇರೆ.

ಈಗ ಯಾವುದಕ್ಕೆ ಕಾಯಬಾರದು ಅನ್ನುವುದು. ಬಾವು ಎರಡನೇ, ಮೂರನೇ ದಿನ ಅತಿ ಹೆಚ್ಚಾಗಿ ಆಮೇಲೆ ಇಳಿಯಬೇಕು. ಇಳಿದದ್ದು ಮತ್ತೆ ಏರಿದರೆ, ಕಡಿಮೆಯಾಗಿದ್ದ ನೋವು ಮರಳಿ ಬಂದು ದಿನದಿನಕ್ಕೆ ಜಾಸ್ತಿಯಾದರೆ, ಕೆಟ್ಟ ರುಚಿಯ ಕೀವು ಬಂದರೆ, ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಸೋಂಕಿರಬಹುದು. ಅದೇ ದಿನ ತೋರಿಸಿ. ಇನ್ನೊಂದು ಜೋಮು. ಕೆಳತುಟಿ, ಗದ್ದದ ಚರ್ಮಕ್ಕೆ ಸ್ಪರ್ಶ ತರುವ ನರ ದವಡೆಯೊಳಗಿಂದಲೇ ಬರುತ್ತದೆ. ಇಂಜೆಕ್ಷನ್ನಿನ ಜೋಮು ಕೆಲವೇ ಗಂಟೆಯಲ್ಲಿ ಬಿಡುತ್ತದೆ. ಮಾರನೇ ದಿನವೂ ತುಟಿ ದಪ್ಪಗಿದ್ದ ಹಾಗೆ, ಇರುವೆ ಹರಿದ ಹಾಗೆ ಅನ್ನಿಸಿದರೆ ತಡಮಾಡದೆ ಹೇಳಬೇಕು. ಇಂಪ್ಲಾಂಟ್ ನರವನ್ನು ಒತ್ತುತ್ತಿದ್ದರೆ ಮೊದಲ ಒಂದೆರಡು ದಿನದಲ್ಲೇ ತೆಗೆಯುವುದು ಒಳ್ಳೆಯದು. 'ಹೋಗಲಿ, ತಾನಾಗಿ ಸರಿಯಾಗುತ್ತೆ' ಅಂತ ತಿಂಗಳು ಕಳೆದು ಬಂದರೆ ನಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ನಿಮಗೆ ಈಗಲೂ ಹೀಗೆ ಏನಾದರೂ ಇದ್ದು ಬರೆಯುವುದು ಬಿಟ್ಟಿದ್ದರೆ ನಾಳೆಗೆ ಮುಂದೂಡಬೇಡಿ.

ಅಪರೂಪದ, ಆದರೆ ಎಲ್ಲಕ್ಕಿಂತ ಅಪಾಯದ್ದು ಒಂದಿದೆ. ಕೆಳದವಡೆಯ ಮುಂಭಾಗ ಕೊರೆಯುವಾಗ ನಾಲಿಗೆ ಬದಿಯ ರಕ್ತನಾಳಕ್ಕೆ ಪೆಟ್ಟಾದರೆ ನಾಲಿಗೆಯ ಕೆಳಗೆ ರಕ್ತ ತುಂಬುತ್ತದೆ. ನಾಲಿಗೆ ಮೇಲಕ್ಕೆ, ಹಿಂದಕ್ಕೆ ತಳ್ಳಿದ ಹಾಗಾಗುತ್ತದೆ, ಮಾತು ತೊದಲುತ್ತದೆ, ನುಂಗಲಾಗುವುದಿಲ್ಲ. ಇದು ಹೆಚ್ಚಾಗಿ ಆಪರೇಷನ್ ಆದ ಕೆಲವೇ ಗಂಟೆಗಳಲ್ಲಿ ಆಗುವಂಥದ್ದು, ನಿಮಗೆ ಆ ಹೊತ್ತು ಕಳೆದಿದೆ. ಓದುವ ಬೇರೆಯವರಿಗೆ ಹೇಳುತ್ತಿದ್ದೇನೆ: ಇಂಥದ್ದಾದರೆ ಹಲ್ಲಿನ ಕ್ಲಿನಿಕ್ ತೆರೆಯಲಿ ಅಂತ ಕಾಯಬೇಡಿ. ನೇರ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಉಸಿರಿನ ಪ್ರಶ್ನೆ ಅದು.

ಮೇಲ್ದವಡೆಗೆ ಹಾಕಿಸಿಕೊಂಡವರು ಇನ್ನೂ ಒಂದು ಪಥ್ಯ ಮಾಡಬೇಕು. ಅಲ್ಲಿ ಮೂಗಿನ ಪಕ್ಕದ ಸೈನಸ್ ಹತ್ತಿರದಲ್ಲೇ ಇರುತ್ತದೆ. ಸೈನಸ್ ಪಕ್ಕ ಕೆಲಸ ಮಾಡಿದ್ದರೆ ಕನಿಷ್ಠ ಎರಡು ವಾರ ಮೂಗು ಜೋರಾಗಿ ಸೀಟಬಾರದು, ಸೀನು ಬಂದರೆ ತಡೆಯದೆ ಬಾಯಿ ತೆರೆದೇ ಸೀನಬೇಕು. ಅಲ್ಲಿಯ ಮೂಳೆ ಮೆದು, ಕಾಯುವುದೂ ಜಾಸ್ತಿ.

ಇನ್ನು ನೀವು ಎದುರು ನೋಡುತ್ತಿರುವ ದಿನ. ಎರಡೇ ಇಂಪ್ಲಾಂಟ್ ಸಾಲುತ್ತದಾ ಅನ್ನುವ ಅನುಮಾನ ಮನಸ್ಸಿನಲ್ಲಿ ಇದ್ದರೆ ಬಿಡಿ. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ತಜ್ಞರು ಸೇರಿ, ಹಲ್ಲಿಲ್ಲದ ಕೆಳದವಡೆಗೆ ಮೊದಲ ಆಯ್ಕೆಯೇ ಎರಡು ಇಂಪ್ಲಾಂಟ್ ಮೇಲಿನ ಡೆಂಚರ್ ಆಗಬೇಕು ಅಂತ ಹೇಳಿದ್ದಾರೆ. ಮೂರು ತಿಂಗಳಾದಾಗ ಎಕ್ಸ್‌ರೇ ತೆಗೆದು, ಹಿಡಿದು ನೋಡಿ, ಕ್ಯಾಪ್ ಬಿಚ್ಚಿ ಆ ಜಾಗಕ್ಕೆ ಚಿಕ್ಕ ಗುಬುಟು ಕೂರಿಸುತ್ತಾರೆ. ಡೆಂಚರಿನ ಒಳಗೆ ಅದಕ್ಕೆ ಸರಿಯಾದ ನೈಲಾನ್ ಬಿಲ್ಲೆ ಇರುತ್ತದೆ. ಟಿಚ್‌ಬಟನ್ ಹಾಕಿದ ಹಾಗೆ ಟಕ್ ಅಂತ ಕೂರುತ್ತದೆ. ಆ ಶಬ್ದ ಮೊದಲ ಸಲ ಕೇಳಿದಾಗ ರೋಗಿಯ ಮುಖ ನೋಡುವುದು ನನಗೆ ಈಗಲೂ ಇಷ್ಟ. ಹನ್ನೊಂದು ವರ್ಷ ತುಟಿ-ನಾಲಿಗೆಯಲ್ಲಿ ಸೆಟ್ಟನ್ನು ಹಿಡಿದಿಟ್ಟುಕೊಂಡ ಅಭ್ಯಾಸ ನಿಮ್ಮದು. ಇನ್ನು ಹಿಡಿಯಬೇಕಿಲ್ಲ ಅಂತ ನಾಲಿಗೆಗೆ ತಿಳಿಯಲು ಒಂದೆರಡು ವಾರ ಬೇಕು.

ಅದನ್ನು ಕೂರಿಸುವಾಗ ಎರಡೂ ಕಡೆ ಬೆರಳಿಟ್ಟು ಸಮವಾಗಿ ಒತ್ತಿ. ಬಾಯಲ್ಲಿಟ್ಟುಕೊಂಡು ಕಟಕ್ ಅಂತ ಕಚ್ಚಿ ಕೂರಿಸುವವರಿದ್ದಾರೆ. ಓರೆಯಾಗಿ ಕೂತು ನೈಲಾನ್ ಹರಿಯುತ್ತದೆ, ಡೆಂಚರ್ ಸೀಳುವುದೂ ಉಂಟು. ಮೊದಲ ಕೆಲವು ದಿನ ಜೊಲ್ಲು ಜಾಸ್ತಿ ಬರುತ್ತದೆ, ಸ, ಶ ಅಕ್ಷರಗಳಲ್ಲಿ ಸೀಟಿ ಹೊಡೆದ ಹಾಗಾಗುತ್ತದೆ. ದಿನಾ ಹತ್ತು ನಿಮಿಷ ಪೇಪರನ್ನು ಗಟ್ಟಿಯಾಗಿ ಓದಿ, ಸರಿಹೋಗುತ್ತದೆ. ಅಗಿಯುವಾಗ ಎರಡೂ ಕಡೆ ಸ್ವಲ್ಪ ಸ್ವಲ್ಪ ಇಟ್ಟುಕೊಳ್ಳಿ. ಒಸಡಿನ ಒಂದು ಕಡೆ ಹುಣ್ಣಾದರೆ ಸಹಿಸಿಕೊಂಡು ಕೂರಬೇಡಿ, ಎರಡು ನಿಮಿಷ ಉಜ್ಜಿಕೊಟ್ಟರೆ ಮುಗಿಯುವ ಕೆಲಸ.

ರಾತ್ರಿ ತೆಗೆದು, ಬ್ರಶ್ ಹಾಕಿ ತೊಳೆದು, ತಣ್ಣೀರಿನಲ್ಲಿ ಮುಳುಗಿಸಿಡಿ. ಬಿಸಿನೀರಿಗೆ ಹಾಕಿದರೆ ಸೊಟ್ಟಗಾಗುತ್ತದೆ. ಬ್ಲೀಚಿನಂಥದ್ದು ಲೋಹದ ಭಾಗವನ್ನು ತಿನ್ನುತ್ತದೆ. ತೊಳೆಯುವಾಗ ಸಿಂಕಿನಲ್ಲಿ ನೀರು ತುಂಬಿಸಿ ಇಲ್ಲವೇ ಬಟ್ಟೆ ಹಾಸಿ, ಕೈಜಾರಿ ಒಡೆದದ್ದನ್ನು ಹಿಡಿದುಕೊಂಡು ಬರುವವರೇ ವಾರಕ್ಕೊಬ್ಬರು. ಬಾಯಲ್ಲಿ ಉಳಿದ ಗುಬುಟುಗಳನ್ನೂ ದಿನಾ ಎರಡು ಸಲ ಬ್ರಶ್ ಮಾಡಿ. ಅವುಗಳ ಸುತ್ತ ಒಸಡು ಕೆಂಪಾಗಿ ರಕ್ತ ಬರಲು ಶುರುವಾದರೆ, ನೋವಿಲ್ಲದಿದ್ದರೂ ಒಳಗೆ ಮೂಳೆ ಕರಗುತ್ತಿರಬಹುದು. ನೈಲಾನ್ ಬಿಲ್ಲೆ ಸವೆಯುವ ವಸ್ತು. ಟಕ್ ಅನ್ನುವುದು ನಿಂತು ಡೆಂಚರ್ ಸಡಿಲವಾದರೆ ಇಂಪ್ಲಾಂಟ್ ಹೋಯಿತು ಅಂತ ಹೆದರಬೇಡಿ, ಬಿಲ್ಲೆ ಬದಲಿಸಿದರೆ ಹೊಸದರ ಹಾಗಾಗುತ್ತದೆ.

ಇಷ್ಟರಲ್ಲಿ ಹೊಲಿಗೆ ನೋಡಿಸಲು ಹೋಗುತ್ತೀರಲ್ಲ, ಹೋಗುವಾಗ ಹಳೇ ಸೆಟ್ಟನ್ನೂ ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ. ಒಳಗೆ ಕೊರೆದು ಮೆತ್ತೆ ಹಾಕಬಹುದಾ ಅಂತ ಅಲ್ಲೇ ಕೇಳಿ. ನಾಲ್ಕನೇ ವಾರದ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ನಿಮ್ಮ ಮಗನ ಕಣ್ಣಿಗೆ ಬೀಳುವ ಹಾಗೆ ನೇತುಹಾಕಿ.